ಓಣಿಯ ಚಿತ್ರಗಳಲ್ಲಿ ಸ್ವಭಾವೋಕ್ತಿ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ಪೂರ್ವಿಕರು ನಿಯಮಮಾಡಿದರು. ಅವುಗಳಲ್ಲಿ ನಗರವರ್ಣನೆಯೂ ಒಂದು. ಕೋಟೆ, ಅಗಳು, ಗೋಪುರ, ರಾಜಬೀದಿ, ಅಂಗಡಿಗಳ ಸಾಲು, ಉಪ್ಪರಿಗೆಯ ಗವಾಕ್ಷ, ಇವುಗಳನ್ನು ನಮ್ಮ ಕವಿಗಳು ಮನದಣಿಯುವವರೆಗೆ ಬಣ್ಣಿಸಿದ್ದಾರೆ. ಆದರೆ ಎರಡು ಮನೆಗಳ ಗೋಡೆಗಳ ನಡುವೆ ಉಳಿದುಹೋದ ಸಂದು, ಹಿತ್ತಲ ನೀರು ಹರಿದುಹೋಗುವ ಇಕ್ಕಟ್ಟಾದ ಓಣಿ, ಒಂದು ಬೀದಿಯಿಂದ ಮತ್ತೊಂದಕ್ಕೆ ಸುತ್ತುದಾರಿಯನ್ನು ತಪ್ಪಿಸುವ ಗಲ್ಲಿ, ಇವು ಅವರ ಪುರಗಳಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಇದ್ದಿರಲೇಬೇಕು, ರಾಜಬೀದಿಗೆ ಹಾಲು ತಂದವಳು ಯಾವುದೋ ಸಂದಿಯಿಂದಲೇ ಹೊರಟು ಬಂದಿರಬೇಕು. ಕವಿಯ ಕಣ್ಣು ಆಕೆಯನ್ನು ರಾಜಬೀದಿಯಲ್ಲಿ ಮಾತ್ರ ಕಂಡಿತು. ಇದನ್ನು ದೋಷವೆಂದು ಹೇಳುತ್ತಿಲ್ಲ. ಯಾವುದು ವರ್ಣನೆಗೆ ಯೋಗ್ಯ, ಯಾವುದು ಅಲ್ಲ ಎಂಬ ತೀರ್ಮಾನವು ಒಂದೊಂದು ಕಾಲಕ್ಕೆ ಒಂದೊಂದಾಗಿರುತ್ತದೆ.

ಈ ಉಪೇಕ್ಷಿತ ವಸ್ತುವನ್ನು ಕಲೆಯ ಬಾಗಿಲಿಗೆ ತಂದವರಲ್ಲಿ, ಕ್ಯಾಮರಾ ಹೊತ್ತು ಹೊಟ್ಟೆಯ ಪಾಡಿಗಾಗಿ ತಿರುಗಿದ ಕೆಲವರ ಪಾಲು ದೊಡ್ಡದು. ಹಾಲೆಂಡಿನ ವರ್ಮೀರ್, ಹೂಕ್ ಮೊದಲಾದ ಚಿತ್ರಕಾರರು 17ನೆಯ ಶತಮಾನದಲ್ಲಿಯೇ ಅಂಗಳಗಳನ್ನೂ ಮನೆಯ ಪಕ್ಕದ ಹಾದಿಗಳನ್ನೂ ಬರೆದಿದ್ದರೆಂಬುದನ್ನು ನಾನು ಮರೆತಿಲ್ಲ. ಆದರೆ ಅವು ಗುಡಿಸಿ ತೊಳೆದ ಅಂಗಳಗಳು. ಚಿತ್ರಕಾರನು ತನಗೆ ಬೇಡವಾದುದನ್ನು ಬಿಡಬಲ್ಲವನಾಗಿದ್ದನು. ಛಾಯಾಚಿತ್ರಕಾರನಿಗೆ ಆ ಸ್ವಾತಂತ್ರ್ಯ ಕಡಮೆ. ಗೋಡೆಯ ಮೇಲಿನ ಕಲೆಯೂ ಚರಂಡಿಯ ಕೆಸರೂ ಆತನ ಅಪ್ಪಣೆಯನ್ನು ಕೇಳದೆ ಗಾಜಿನ ಫಲಕದ ಮೇಲೆ ಬಂದು ಕುಳಿತುಕೊಳ್ಳುತ್ತವೆ. ಸ್ಕಾಟ್ಲೆಂಡಿನ ಥಾಮಸ್ ಅನ್ನನ್, ಫ್ರಾನ್ಸಿನ ಯೂಜೆನ್ ಅಟ್ಜೆ ಇವರಿಬ್ಬರ ಓಣಿಯ ಚಿತ್ರಗಳು ಸುಂದರವೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಅವು ಯಾವ ಕಾರಣದಿಂದ ಸುಂದರ, ಆ ಸೌಂದರ್ಯವನ್ನು ನಾವು ಯಾವ ಮನಸ್ಸಿನಿಂದ ಸವಿಯಬಹುದು ಎಂಬುದು ಚರ್ಚೆಗೆ ತಕ್ಕ ವಿಷಯ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಒಪ್ಪುವ ಹಳೆಯ ವಾದವೊಂದುಂಟು. ವಸ್ತುವನ್ನು ಅದಿದ್ದಂತೆಯೇ ಹೇಳುವುದು ಸ್ವಭಾವೋಕ್ತಿ. ದಂಡಿಯು ಇದನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದನು. ಶಾಸ್ತ್ರಗಳಲ್ಲಿ ಇದರದೇ ಆಳಿಕೆಯಾದರೂ ಕಾವ್ಯಕ್ಕೂ ಇದು ಬೇಕಾದುದೆಂಬುದು ಆತನ ಅಭಿಪ್ರಾಯ. ನಮ್ಮ ಕವಿರಾಜಮಾರ್ಗವು ಬಹಳಮಟ್ಟಿಗೆ ದಂಡಿಯ ದಾರಿಯನ್ನೇ ಹಿಡಿದುದೆಂಬುದು ವಾಚಕರಿಗೆ ತಿಳಿದದ್ದೇ. ಕುಂತಕನು ಇದನ್ನೊಪ್ಪಲಿಲ್ಲ. ಸ್ವಭಾವವೆಂಬುದು ಅಲಂಕಾರವನ್ನು ತೊಡಬೇಕಾದ ಮೈ. ಮೈಯನ್ನೇ ತೊಡವೆಂದು ಕರೆದರೆ ಶಾಸ್ತ್ರಕ್ಕೆ ಅರ್ಥವೇನು ಉಳಿಯಿತು ಎಂಬುದು ಆತನ ಆಕ್ಷೇಪಣೆಯ ತಾತ್ಪರ್ಯ. ಛಾಯಾಚಿತ್ರದ ವಿಷಯದಲ್ಲಿ ಇದೇ ಜಗಳ ಮತ್ತೆ ನಡೆದಿದೆ. ಯಂತ್ರವು ಇದ್ದುದನ್ನು ಇದ್ದಂತೆ ತೋರಿಸಿದರೆ ಅದರಲ್ಲಿ ಕಲೆಯೆಲ್ಲಿ ಎಂದು ಕೇಳುವವರು ಕುಂತಕನ ಪಕ್ಷದವರು. ನಾನು ಈ ಒಂದು ವಿಷಯದಲ್ಲಿ ದಂಡಿಯ ಪಕ್ಷ. ಆದರೆ ಅದಕ್ಕೆ ಕಾರಣವನ್ನು ಶಾಸ್ತ್ರದಿಂದ ತರುವುದಕ್ಕಿಂತ ಗ್ಲಾಸ್ಗೋ ನಗರದಿಂದ ತರುವುದು ಲೇಸು.

ಗ್ಲಾಸ್ಗೋ ನಗರದ ಹಳೆಯ ಭಾಗದಲ್ಲಿ ಹೈ ಸ್ಟ್ರೀಟ್, ಸಾಲ್ಟ್‌ಮಾರ್ಕೆಟ್, ಗ್ಯಾಲೋಗೇಟ್ ಮೊದಲಾದ ಬೀದಿಗಳ ಎರಡು ಪಕ್ಕಗಳಲ್ಲಿಯೂ ಎತ್ತರವಾದ ಕಲ್ಲಿನ ಮನೆಗಳಿದ್ದುವು. ಅವುಗಳ ನಡುವೆ, ಬೀದಿಗೆ ಅಡ್ಡಲಾಗಿ ಒಳಕ್ಕೆ ಹೋಗುವ ಇಕ್ಕಟ್ಟಾದ ಓಣಿಗಳಿಗೆ ಆ ಊರಿನಲ್ಲಿ ‘ಕ್ಲೋಸ್’ ಎಂದು ಹೆಸರು. ಮೊದಲಿಗೆ ಮನೆಗಳ ಹಿಂದೆ ತೋಟಗಳಿದ್ದುವು. ಹತ್ತಿಯ ಗಿರಣಿಗಳೂ ಕಬ್ಬಿಣದ ಕಾರ್ಖಾನೆಗಳೂ ಬೆಳೆದು, ಶತಮಾನದ ಆದಿಯಲ್ಲಿ ಎಂಬತ್ತು ಸಾವಿರಕ್ಕೆ ಒಳಗಿದ್ದ ಜನಸಂಖ್ಯೆಯು 1861ರ ವೇಳೆಗೆ ನಾಲ್ಕು ಲಕ್ಷಕ್ಕೆ ಸಮೀಪಿಸಿದಾಗ ಆ ತೋಟಗಳಲ್ಲಿಯೂ ಮನೆಗಳೆದ್ದುವು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಕೆಲವು ಕಡೆ ಒಂದಕ್ಕಿಂತ ಹೆಚ್ಚು. ಬೆಳಕಿಗೂ ಗಾಳಿಗೂ ಕೊಳಕು ನೀರಿಗೂ ಇದ್ದ ದಾರಿ ಆ ಓಣಿಯೊಂದೇ. ಕಾಲರಾ, ಟೈಫಸ್ ಜ್ವರಗಳು ಮರಳಿ ಮರಳಿ ಬಂದುವು. 1866ರಲ್ಲಿ ನಗರಸುಧಾರಣೆಯ ಕಾನೂನೊಂದು ಆಯಿತು. ಈ ಪ್ರದೇಶವನ್ನು ಕೊಂಡು ಕೆಡವಿ ಹೊಸ ಬೀದಿಗಳನ್ನು ತೆಗೆಯುವುದಕ್ಕೆ ಒಂದು ಟ್ರಸ್ಟು ಏರ್ಪಟ್ಟಿತು. ಕೆಡವುವುದಕ್ಕೆ ಮುಂಚೆ ಈ ಓಣಿಗಳ ಚಿತ್ರವನ್ನು ತೆಗೆದಿಡಬೇಕೆಂದು ಆ ಟ್ರಸ್ಟು ಅನ್ನನ್ ಅವರಿಗೆ ಕೆಲಸವನ್ನೊಪ್ಪಿಸಿತು. ಅವರು ಅದನ್ನು 1868ರಿಂದ 1871ರ ವರೆಗೆ ಮಾಡಿದರು.

ಅನ್ನನ್ (1829–1887) ಮೊದಲಿಗೆ ಕಲ್ಲಚ್ಚಿನ ಕೆಲಸವನ್ನು ಕಲಿತವರು. ಕ್ಯಾಟ್ರಿನ್ ಸರೋವರದಿಂದ ಗ್ಲಾಸ್ಗೋವಿಗೆ ಶುದ್ಧಜಲವನ್ನು ತಂದ ಕಾಮಗಾರಿಯ ಚಿತ್ರಗಳನ್ನು 1859ರಲ್ಲಿ ತೆಗೆದವರೂ ಅವರೇ. ಆಗಿನ ವಿಧಾನವು ಎಷ್ಟು ಕಷ್ಟವಾದುದೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕು. ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರಾವಣವನ್ನು ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕಿಗೊಡ್ಡಿ, ಒಣಗುವುದರೊಳಗಾಗಿ ಕತ್ತಲೆಯಲ್ಲಿ ತೊಳೆದು ಚಿತ್ರವನ್ನು ಮೂಡಿಸಬೇಕು. ಎಂದರೆ ಕತ್ತಲೆಯ ಡೇರೆಯೊಂದು ಬಳಿಯಲ್ಲಿಯೇ ಇರಬೇಕು. ನಾಲ್ಕು ಮಾರು ಅಗಲವೂ ಇಲ್ಲದ, ಆಕಾಶವು ಒಂದು ಪಟ್ಟಿಯಂತೆ ಕಾಣುವ ಓಣಿಯಲ್ಲಿ ಬೆಳಕು ಸಾಲದೆ ಫಲಕವನ್ನು ಬಹಳ ಹೊತ್ತು ತೆರೆದಿಡಬೇಕಾಗುತ್ತಿದ್ದಿತು. ಅಷ್ಟು ಹೊತ್ತು ಅಲುಗದೆ ನಿಂತವರಿಗೆ ಚಿತ್ರದಲ್ಲಿ ಮುಖವುಂಟು. ಅಲುಗಿದವರು ಹೊಗೆಯಂತೆ, ನೆರಳಿನಂತೆ ಉಳಿದಿದ್ದಾರೆ. ಹೆಚ್ಚಾಗಿ ಅಲುಗಿದವರು ಮಕ್ಕಳು.

ಈ ಚಿತ್ರಗಳನ್ನು ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಎರಡು ಗೋಡೆಗಳು ಎತ್ತರಕ್ಕೆ ಏರಿಹೋಗಿ ನಡುವೆ ಸಣ್ಣದೊಂದು ಬೆಳಕಿನ ಸೀಳನ್ನು ಉಳಿಸಿವೆ. ಕೆಳಗೆ ತೇವವಾದ ಹಾಸುಗಲ್ಲು, ನೀರು ಹರಿದುಹೋಗುವ ಕಾಲುವೆ. ಅದರ ಹೊಳಪು ನೋಟವನ್ನು ಓಣಿಯ ಕೊನೆಗೆ ಕೊಂಡೊಯ್ಯುತ್ತದೆ. ಕೆಲವು ಚಿತ್ರಗಳಲ್ಲಿ ಮೇಲೆ ಕೋಲುಗಳಿಗೆ ಹಾಕಿದ ಬಟ್ಟೆಗಳು ತೂಗುತ್ತಿವೆ. ದೂರದಲ್ಲಿ ನಾಲ್ಕಾರು ಮಂದಿ ಯಂತ್ರವನ್ನೇ ದಿಟ್ಟಿಸುತ್ತ ನಿಂತಿದ್ದಾರೆ. ಕೊಳಕನ್ನು ತೋರಿಸುವುದೇ ಉದ್ದೇಶವಾಗಿದ್ದರೆ ಅದಕ್ಕೆ ಕ್ಯಾಮರಾವನ್ನು ಕಸದ ರಾಶಿಯ ಬಳಿ ಇಡಬಹುದಾಗಿತ್ತು. ಕರುಣೆಯನ್ನು ಕೆರಳಿಸಬೇಕಾಗಿದ್ದರೆ ಒಂದು ಮಗುವನ್ನು ಮುಂದೆ ನಿಲ್ಲಿಸಬಹುದಾಗಿತ್ತು. ಅನ್ನನ್ ಎರಡನ್ನೂ ಮಾಡಲಿಲ್ಲ. ಅವರು ಓಣಿಯ ಒಂದು ತುದಿಯಲ್ಲಿ, ಒಳಗೆ ಬರುವವನು ನಿಲ್ಲುವಂತೆ ನಿಂತರು. ಕಂಡುದನ್ನು ಕಂಡಷ್ಟು ಆಳದವರೆಗೆ ತೆಗೆದುಕೊಂಡರು. ಚಿತ್ರದ ಹೆಸರೂ ಅಷ್ಟೇ ನಿರಾಡಂಬರವಾದುದು: ‘ಹೈ ಸ್ಟ್ರೀಟ್, 118ನೆಯ ಕ್ಲೋಸ್’. ಅಂಚೆಯವನಿಗೆ ಸಾಲುವ ವಿಳಾಸ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಅಲ್ಲಿ ವಾಸವಾಗಿದ್ದವರ ಹೆಸರಂತೂ ಇಲ್ಲ.

ಮುಂದೆ ಈ ಚಿತ್ರಗಳಿಗೆ ಆದ ಗತಿಯನ್ನು ಗಮನಿಸಬೇಕು. 1878–79ರಲ್ಲಿ ಇವುಗಳಲ್ಲಿ 40ನ್ನು ಕಾರ್ಬನ್ ವಿಧಾನದಲ್ಲಿ ಮುದ್ರಿಸಿದರು. ಈ ವಿಧಾನದ ಹಕ್ಕನ್ನು ಅನ್ನನ್ ಸ್ಕಾಟ್ಲೆಂಡಿನ ಮಟ್ಟಿಗೆ 1866ರಲ್ಲಿಯೇ ಜೋಸೆಫ್ ಸ್ವಾನ್ ಎಂಬವರಿಂದ ಕೊಂಡಿದ್ದರು. ಬಣ್ಣ ಮಾಸದ ಮುದ್ರಣವದು. ಕತ್ತಲೆಯೊಳಗಿನ ಸೂಕ್ಷ್ಮಗಳನ್ನು ಉಳಿಸುವುದರಲ್ಲಿ ಅದಕ್ಕೆ ಸಮನಾದುದು ಆಗ ವಿರಳ. 1900ರಲ್ಲಿ, ಅನ್ನನ್ ತೀರಿಕೊಂಡ ಮೇಲೆ, ಅವರ ಮಗ ಜೇಮ್ಸ್ ಕ್ರೇಗ್ ಅನ್ನನ್ 50 ಚಿತ್ರಗಳ ಪುಸ್ತಕವನ್ನು ಹೊರತಂದರು. ಆ ವೇಳೆಗೆ ಓಣಿಗಳಲ್ಲಿ ಬಹುಭಾಗ ನೆಲಸಮವಾಗಿದ್ದುವು. ಮೊದಲು ಕೆಡವಬೇಕಾದ ಸ್ಥಳಗಳ ದಾಖಲೆಯಾಗಿದ್ದ ಚಿತ್ರ, ಈಗ ಹಳೆಯ ಊರಿನ ನೆನಪು. ನಮ್ಮ ಕಾಲಕ್ಕೆ ವಸ್ತುಸಂಗ್ರಹಾಲಯದ ಗೋಡೆಯ ಮೇಲಿನ ಕಲಾಕೃತಿ. ಚಿತ್ರ ಅದೇ, ನೋಡುವವನು ಬದಲಾದನು. ಓಣಿಯ ವಾಸನೆ ಹೋದ ಮೇಲೆ ಸೌಂದರ್ಯ ಬಂದಿತೆಂದು ಯಾರಾದರೂ ಹಾಸ್ಯಮಾಡಿದರೆ ಅದಕ್ಕೆ ಸುಲಭವಾಗಿ ಉತ್ತರ ಹೇಳಲಾರೆನು. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಟ್ರಸ್ಟಿನವರು ಕೆಡವಿದಷ್ಟು ಬೇಗ ಕಟ್ಟಲಿಲ್ಲ. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ದಿವಾಳಿಯೆದ್ದು ಜಮೀನಿನ ಬೆಲೆ ಕುಸಿದುದರಿಂದ, ಕೆಡವುವುದಕ್ಕೆಂದು ಕೊಂಡಿದ್ದ ಹಳೆಯ ಮನೆಗಳಿಗೆ ತಾವೇ ಯಜಮಾನರಾಗಿ ಬಾಡಿಗೆ ಎತ್ತುವ ಸ್ಥಿತಿ ಅವರಿಗೆ ಬಂದಿತು. ಓಣಿಯಿಂದ ಹೊರಬಿದ್ದವರು ಪಕ್ಕದ ಓಣಿಗಳಲ್ಲಿ ಒತ್ತಿಕೊಂಡರು. ಆ ಕಥೆ ಈ ಪುಸ್ತಕದಲ್ಲಿಲ್ಲ. ಇರಬೇಕೆಂದು ಅನ್ನನ್ ಅವರನ್ನು ಕೇಳುವುದೂ ನ್ಯಾಯವಲ್ಲ.

ಪ್ಯಾರಿಸ್ಸಿನಲ್ಲಿಯೂ ಅದೇ ಕಾಲದಲ್ಲಿ ಅದೇ ಕೆಲಸ ನಡೆಯಿತು. ಹೌಸ್‌ಮನ್ನನು ಹೊಸ ರಾಜಬೀದಿಗಳನ್ನು ಸೀಳಿ ತೆಗೆಯುತ್ತಿದ್ದಾಗ ಶಾರ್ಲ್ ಮಾರ್ವೀಲ್ ಎಂಬವರು ನಗರಾಡಳಿತದ ಪರವಾಗಿ, ಅಳಿಯಲಿರುವ ಬೀದಿಗಳ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಬಹು ನುಣುಪಾದ, ಅಚ್ಚುಕಟ್ಟಾದ ಕೆಲಸ. ಆದರೆ ಮಾರ್ವೀಲರ ಬೀದಿಗಳಲ್ಲಿ ನನಗೆ ಸರ್ಕಾರದ ಮೋಜಣಿದಾರನ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ. ಅಲ್ಲಿ ಹೆಚ್ಚು ನಿಲ್ಲಲಾರೆನು. ಅವರಾದ ಮೇಲೆ ಒಂದು ತಲೆಮಾರು ಕಳೆದು ಅದೇ ನಗರದಲ್ಲಿ ಓಡಾಡಿದ ಅಟ್ಜೆ ಬೇರೆ ಮನುಷ್ಯ.

ಅಟ್ಜೆ (1857–1927) ಲಿಬೂರ್ನ್ ಎಂಬ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹಡಗಿನಲ್ಲಿ ದುಡಿದು, ಸಂಚಾರಿ ನಾಟಕಮಂಡಲಿಗಳಲ್ಲಿ ಸಣ್ಣ ಪಾತ್ರಗಳನ್ನು ವಹಿಸಿ, ಎಲ್ಲಿಯೂ ನೆಲೆಗಾಣದೆ ಸುಮಾರು ಮೂವತ್ತೈದನೆಯ ವಯಸ್ಸಿನಲ್ಲಿ ಛಾಯಾಚಿತ್ರವನ್ನು ಕೈಗೊಂಡವರು. ಅವರ ಬಾಗಿಲ ಮೇಲೆ ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಎಂಬರ್ಥದ ಫಲಕವಿದ್ದಿತು. ಚಿತ್ರಕಾರರಿಗೆ, ಬಡಗಿ ಕಮ್ಮಾರರಿಗೆ, ಗ್ರಂಥಾಲಯಗಳಿಗೆ ಅವರು ಚಿತ್ರಗಳನ್ನು ಮಾರಿ ಜೀವಿಸಿದರು. ಬಾಗಿಲ ಬಡಿಗೊಂಡಿ, ಮೆಟ್ಟಿಲಿನ ಕಟಾಂಜನ, ಅಂಗಡಿಯ ಫಲಕ, ಕೈಗಾಡಿ, ಅಂಗಳ, ಓಣಿ, ಮುಚ್ಚುದಾರಿ, ಹೀಗೆ ಎಂಟು ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳು. ಒಂದೊಂದು 18 ಸೆಂಟಿಮೀಟರಿಗೆ 24 ಸೆಂಟಿಮೀಟರು. ಮರದ ಕ್ಯಾಮರಾ, ಮುಕ್ಕಾಲಿ, ಫಲಕಗಳ ಭಾರವನ್ನೆಲ್ಲ ಹೆಗಲಿಗೇರಿಸಿಕೊಂಡು ಅನೇಕ ವೇಳೆ ಮುಂಜಾನೆಯಲ್ಲಿಯೇ ಹೊರಡುತ್ತಿದ್ದರು. 1920ರಲ್ಲಿ 2,621 ಫಲಕಗಳನ್ನು ಫ್ರೆಂಚ್ ಸರ್ಕಾರಕ್ಕೆ 10,000 ಫ್ರಾಂಕುಗಳಿಗೆ ಮಾರಿದರು. ಫಲಕವೊಂದಕ್ಕೆ ನಾಲ್ಕು ಫ್ರಾಂಕೂ ಬೀಳಲಿಲ್ಲ.

ಇವರ ಚಿತ್ರಗಳ ಹೆಸರುಗಳೂ ಬರಿಯ ವಿಳಾಸಗಳೇ. ‘ಅಂಗಳ, 41 ರ್ಯೂ ಬ್ರೋಕಾ’ ಎಂಬುದು ಒಂದು. ‘ಪಾಸಾಜ್ ವಾಂದ್ರೆಜಾನ್’ ಎಂಬುದು ಇನ್ನೊಂದು. ‘ಎಂಪಾಸ್ ದೆ ಬುರ್ದೊನೆ’ ಮತ್ತೊಂದು. ಆದರೆ ಅನ್ನನ್ ಅವರಿಗಿಲ್ಲದ ಒಂದು ಸಲಿಗೆ ಇಲ್ಲಿದೆ. ಅನ್ನನ್ ಓಣಿಗೆ ಹೋದದ್ದು ಒಪ್ಪಿಸಿದ ಕೆಲಸಕ್ಕಾಗಿ. ಅಟ್ಜೆ ಹೋದ ಸ್ಥಳಕ್ಕೆ ಹತ್ತಾರು ವರ್ಷಗಳ ಅಂತರದಲ್ಲಿ ಮತ್ತೆ ಹೋಗುತ್ತಿದ್ದರು. ಓಣಿಯ ಬಾಯಿಯಲ್ಲಿ ನಿಂತು ಒಂದು, ನಾಲ್ಕು ಹೆಜ್ಜೆ ಒಳಕ್ಕೆ ಹೋಗಿ ಒಂದು, ತಿರುಗಿ ನಿಂತು ಮತ್ತೊಂದು ತೆಗೆಯುವುದು ಅವರಲ್ಲಿ ಸಾಮಾನ್ಯ. ಕ್ಯಾಮರಾವನ್ನು ಓರೆಮಾಡದೆ ಕಟ್ಟಡದ ಎತ್ತರವನ್ನು ಹಿಡಿಯಬೇಕಾದರೆ ಮಸೂರವನ್ನು ಮೇಲಕ್ಕೆ ಸರಿಸಬೇಕು; ಹಾಗೆ ಸರಿಸಿದಾಗ ಫಲಕದ ಮೇಲಿನ ಮೂಲೆಗಳಿಗೆ ಬೆಳಕು ಮುಟ್ಟದೆ ಅಲ್ಲಿ ಕಪ್ಪು ವರ್ತುಲ ಉಳಿಯುತ್ತದೆ. ಬೇರೆಯವರಾಗಿದ್ದರೆ ಅದನ್ನು ಕತ್ತರಿಸಿಬಿಡುತ್ತಿದ್ದರು. ಅಟ್ಜೆ ಅನೇಕ ಚಿತ್ರಗಳಲ್ಲಿ ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಓಣಿಯ ಚಿತ್ರಗಳಲ್ಲಿ ಆ ಕಪ್ಪು, ಒಳಗೆ ಬರುವವರಿಗೆ ಕಟ್ಟಿದ ಕಮಾನಿನಂತೆ ಕಾಣುತ್ತದೆ. ಬೇಕೆಂದೇ ಬಿಟ್ಟರೋ, ಗಿರಾಕಿಗೆ ಅದು ಅಡ್ಡಿಯಲ್ಲವೆಂದು ಬಿಟ್ಟರೋ, ಹೇಗಾದರೂ ಆಗಲಿ, ಅದು ಅಲ್ಲಿ ಸೊಗಸಾಗಿದೆ.

ಅವರ ಕೊನೆಯ ಕಾಲದ ಒಂದು ಚಿತ್ರವನ್ನು ಇಲ್ಲಿ ನೆನೆಯದೆ ಇರಲಾರೆನು. 1925ರ ಮಾರ್ಚ್ ತಿಂಗಳ ಒಂದು ಬೆಳಗು, ರ್ಯೂ ವಾಲೆಟ್ ಎಂಬ ಬೀದಿಯ ಮೂಲೆ. ಎದುರಿಗೆ ಫ್ರಾನ್ಸಿನ ಮಹಾಪುರುಷರ ಸಮಾಧಿಗಳಿರುವ ಪಾಂಥೆಯೊನ್. ಯಾವ ಪ್ರವಾಸಿಯೂ ಆ ಗುಮ್ಮಟವನ್ನೇ ಚಿತ್ರದ ನಾಯಕನನ್ನಾಗಿ ಮಾಡುತ್ತಿದ್ದನು. ಇಲ್ಲಿ ಅದು ಮಂಜಿನಲ್ಲಿ ಅರೆಕರಗಿ, ಇದೆಯೋ ಇಲ್ಲವೋ ಎಂಬಂತಿದೆ. ಮುಂದೆ ಕಪ್ಪಗೆ, ಭಾರವಾಗಿ, ಮುಟ್ಟಬಹುದೆಂಬಷ್ಟು ಹತ್ತಿರದಲ್ಲಿರುವುದು ಮೂಲೆಯ ಗೋಡೆಯೂ ನಿಲ್ಲಿಸಿಟ್ಟ ಒಂದು ಕೈಗಾಡಿಯೂ. ದೊಡ್ಡದು ಹಿಂದಾಯಿತು, ಸಣ್ಣದು ಮುಂದಾಯಿತು. ಯಾವ ಪದಾರ್ಥವನ್ನೂ ಆತ ಬದಲಾಯಿಸಲಿಲ್ಲ. ಯಾವ ಗಳಿಗೆಯಲ್ಲಿ, ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ನಿಶ್ಚಯಿಸಿದರು. ಕುಂತಕನಿಗೆ ನನ್ನ ಉತ್ತರವಿದೇ. ಮೈಯೇ ತೊಡವಲ್ಲವೆಂಬುದು ಸರಿ. ಆದರೆ ಆ ಮೈಯನ್ನು ಯಾವ ಬೆಳಕಿನಲ್ಲಿ, ಯಾವ ದೂರದಿಂದ ಕಂಡೆವೆಂಬುದು ಮೈಯಲ್ಲ. ಅದು ಕಂಡವನ ಸ್ವತ್ತು. ಸ್ವಭಾವೋಕ್ತಿಯ ವಕ್ರತೆ ಆ ನಿಲುವಿನಲ್ಲಿ ಅಡಗಿದೆ.

ಅಟ್ಜೆಯವರ ಚಿತ್ರಗಳನ್ನು ಕುರಿತು ಬಂದ ವಿಮರ್ಶೆಯಲ್ಲಿ ಎರಡು ಮತಗಳು ಪ್ರಸಿದ್ಧವಾಗಿವೆ. ಅತಿವಾಸ್ತವವಾದಿಗಳು 1926ರಲ್ಲಿ ತಮ್ಮ ಪತ್ರಿಕೆಯಲ್ಲಿ ಅವರ ಕೆಲವು ಚಿತ್ರಗಳನ್ನು ಅಚ್ಚುಹಾಕಿ, ಅವುಗಳಲ್ಲಿ ಕನಸಿನ ವಿಚಿತ್ರತೆಯನ್ನು ಕಂಡರು. ಅಟ್ಜೆಯವರಿದ್ದ ಬೀದಿಯಲ್ಲಿಯೇ ವಾಸವಾಗಿದ್ದ ಮ್ಯಾನ್ ರೇ ಹೇಳಿರುವಂತೆ, ತನ್ನ ಹೆಸರನ್ನು ಹಾಕಬಾರದೆಂದೂ ಇವು ಬರಿಯ ದಾಖಲೆಗಳೆಂದೂ ಮುದುಕ ಹಟಹಿಡಿದರಂತೆ. 1931ರಲ್ಲಿ ವಾಲ್ಟರ್ ಬೆಂಜಮಿನ್ ಆ ಬರಿದಾದ ಬೀದಿಗಳನ್ನು ಅಪರಾಧ ನಡೆದ ಸ್ಥಳಕ್ಕೆ ಹೋಲಿಸುವ ಮಾತನ್ನು ಎತ್ತಿಕೊಂಡರು. ಬುದ್ಧಿವಂತಿಕೆಯ ಮಾತು ನಿಜ. ಆದರೆ ಆ ಓಣಿಗಳು ಬರಿದಾಗಿರುವುದಕ್ಕೆ ಬಹುಪಾಲು ಕಾರಣ, ಛಾಯಾಚಿತ್ರಕಾರ ಬೆಳಗ್ಗೆ ಎದ್ದು ಹೋದದ್ದು ಮತ್ತು ಫಲಕವು ನಡೆದುಹೋದವರನ್ನು ಹಿಡಿಯಲಾರದೆ ಹೋದದ್ದು. ಗಾಡಿ ಅಲ್ಲಿದೆ, ಪೊರಕೆ ಅಲ್ಲಿದೆ, ಬಾಗಿಲು ತೆರೆದಿದೆ. ಇನ್ನು ಅರ್ಧ ಗಂಟೆಯಲ್ಲಿ ಮನೆಯವರು ಎದ್ದು ಬರುವರು. ನನಗೆ ಇದು ಕೊಲೆಯ ಮೌನವೆಂದು ತೋರುವುದಿಲ್ಲ. ಕೋಳಿ ಕೂಗಿದ ಮೇಲಿನ ಹೊತ್ತಿನ ಮೌನವೆಂದು ತೋರುತ್ತದೆ.

ಅಟ್ಜೆಯವರನ್ನು ಕುರಿತು ದೂರಬಹುದಾದುದೂ ಉಂಟು. ಅವರಿಗೆ ಹಳೆಯದರ ಮೋಹ ಹೆಚ್ಚು. ತಮ್ಮ ಕಾಲದ ಐಫೆಲ್ ಗೋಪುರವನ್ನು ವಿಷಯವಾಗಿ ಎತ್ತಿಕೊಳ್ಳಲೇ ಇಲ್ಲ. ಗಿರಾಕಿಗಳಿಗೆ ಬೇಕಾದುದು ‘ಹಳೆಯ ಪ್ಯಾರಿಸ್’, ಅದನ್ನೇ ಒದಗಿಸಿದರು. ಆದರೂ ನಗರದ ಕೋಟೆಗೋಡೆಯ ಆಚೆಗಿದ್ದ ಬಯಲಿನಲ್ಲಿ ಗುಡಾರಗಳಲ್ಲಿ ಬದುಕುತ್ತಿದ್ದ ಚಿಂದಿ ಆಯುವವರ ಬಳಿಗೂ 1910ರಿಂದೀಚೆಗೆ ಹೋಗಿ, ಅವರದೇ ಒಂದು ಸಂಪುಟವನ್ನು ಮಾಡಿದರು. ಅಲ್ಲಿ ಜನ ನಿಂತು, ಕುಳಿತು, ನೇರವಾಗಿ ನಮ್ಮನ್ನು ನೋಡುತ್ತಾರೆ. ಬಡವರ ದಾರಿಗಳನ್ನು ಮಾತ್ರ ಬೇಡಿ, ಬಡವರನ್ನು ಬಿಟ್ಟರೆಂಬ ಆರೋಪ ಅವರಿಗೆ ಹತ್ತುವುದಿಲ್ಲ.

ಈ ಆರೋಪ ಇಂದು ಯಾರಿಗೆ ಹತ್ತುವುದೆಂಬುದನ್ನು ಹೇಳಬೇಕಾಗಿದೆ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಓಣಿಯ ಚಿತ್ರವನ್ನು ತೆಗೆಯುವುದು ಒಂದು ರೂಢಿಯಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ರಾಜಬೀದಿಯನ್ನು ಬಿಟ್ಟು ಸಂದಿಯ ಕಡೆಗೆ ಕಣ್ಣು ಹೊರಳಿದುದು ಸಂತೋಷದ ವಿಷಯವೇ. ಆದರೆ ಇವುಗಳಲ್ಲಿ ಹಲವನ್ನು ನೋಡಿದಾಗ ಗೋಡೆಯ ನೀಲಿಯು ಇದ್ದುದಕ್ಕಿಂತ ಇಮ್ಮಡಿ ನೀಲಿಯಾಗಿದೆ. ತಂತಿಯ ಮೇಲಿನ ಸೀರೆ ಹಬ್ಬದ ತೋರಣವಾಗಿದೆ. ಚರಂಡಿಯನ್ನು ಚೌಕಟ್ಟಿನಿಂದ ಹೊರಗೆ ಹಾಕಿದೆ. ಬಾಗಿಲಲ್ಲಿ ಕುಳಿತ ಅಜ್ಜಿ ಬಣ್ಣದ ಒಂದು ಚುಕ್ಕೆಯಾಗಿದ್ದಾಳೆ. ಅಲ್ಲಿ ಬಳಕೆಯ ಗುರುತೊಂದೂ ಇಲ್ಲ. ಅನ್ನನ್, ಅಟ್ಜೆ ಇವರ ಚಿತ್ರಗಳಲ್ಲಿ ಸವೆದ ಮೆಟ್ಟಿಲು, ಗೋಡೆಗೆ ಗಾಡಿ ಉಜ್ಜಿದ ಗೀರು, ನೀರು ಹರಿದ ಜಾಡು, ಇವು ಎಲ್ಲಕ್ಕಿಂತ ಮುಂದೆ ಇವೆ. ಮೆಟ್ಟಿಲು ಸವೆಯಬೇಕಾದರೆ ಅದನ್ನು ಎಷ್ಟೋ ತಲೆಮಾರುಗಳು ತುಳಿದಿರಬೇಕು. ಆ ಸವೆತವು ಚಿತ್ರದಲ್ಲಿ ಉಳಿದಿದ್ದರೆ ಅಲ್ಲಿ ಬಾಳಿದವರು, ಕಾಣದಿದ್ದರೂ, ಹೊರಗಾಗಿಲ್ಲವೆಂದು ನಾನು ಎಣಿಸುತ್ತೇನೆ. ಅದನ್ನು ಅಳಿಸಿ ಉಳಿಸಿಕೊಂಡ ಸೊಬಗನ್ನು ಸವಿಯಲು ನನಗೆ ಮನಸ್ಸು ಒಡಂಬಡುವುದಿಲ್ಲ. ಆ ಓಣಿಯವರಿಗೆ ಅದನ್ನು ತೋರಿಸಿದರೆ ಇದು ಯಾವ ಊರೆಂದು ಕೇಳಿಯಾರು.

ಹಾಗಾದರೆ ಗ್ಲಾಸ್ಗೋವಿನ ಚಿತ್ರಗಳನ್ನು ಸುಂದರವೆನ್ನಬಹುದೆ? ಎನ್ನಬಹುದು, ಆದರೆ ಆ ಮಾತನ್ನಾಡುವಾಗ ಗಂಟಲು ಸ್ವಲ್ಪ ಹಿಡಿಯಬೇಕು. ಕಾರ್ಬನ್ ಮುದ್ರಣದ ಕಪ್ಪಿನ ಆಳ ಕಣ್ಣಿಗೆ ಹಿತವಾಗಿದೆ. ಆ ಕಪ್ಪು ಅಲ್ಲಿದ್ದವರಿಗೆ ಬೆಳಕಿಲ್ಲದ ಕೋಣೆ. ಎರಡೂ ಒಂದೇ ಕಪ್ಪು. ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವಂತೆ ಅನ್ನನ್ ನಮಗೆ ಅನುಕೂಲ ಮಾಡಿಕೊಟ್ಟಿಲ್ಲ. ಅವರ ಚಿತ್ರಗಳನ್ನು ಅಟ್ಜೆಯವರ ಚಿತ್ರಗಳಿಗಿಂತ ಒಂದು ಮೆಟ್ಟಿಲು ಮೇಲಿಡಲು ನನಗೆ ಇರುವ ಕಾರಣವೂ ಇದೇ, ಕಲೆಗಾರಿಕೆಯಲ್ಲಿ ಅಟ್ಜೆ ಹೆಚ್ಚಿನವರೆಂದು ಒಪ್ಪಿಕೊಂಡೂ.

ಈ ಚಿತ್ರಗಳನ್ನು ನೋಡಲು ಈಗ ಸಮುದ್ರವನ್ನು ದಾಟಬೇಕಾಗಿಲ್ಲ. ಅಟ್ಜೆಯವರ ಬಳಿ ಉಳಿದಿದ್ದ ಸಂಗ್ರಹವನ್ನು ಬೆರೆನಿಸ್ ಅಬಟ್ ಎಂಬ ಅಮೆರಿಕದ ಛಾಯಾಚಿತ್ರಕಾರ್ತಿ 1928ರಲ್ಲಿ ಕೊಂಡು ಕಾಪಾಡಿದರು. ಅದು 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು. ಆ ಸಂಗ್ರಹಾಲಯವೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವೂ ಅನೇಕ ಚಿತ್ರಗಳನ್ನು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿವೆ. ಅನ್ನನ್ ಅವರ ಓಣಿಗಳೂ ಹಾಗೆಯೇ ದೊರೆಯುತ್ತವೆ. ಅಂಗೈಯಗಲದ ಗಾಜಿನ ಮೇಲೆ ನೋಡದೆ, ಸಾಧ್ಯವಾದಷ್ಟು ದೊಡ್ಡದಾಗಿ ಮಾಡಿಕೊಂಡು ನೋಡಬೇಕೆಂದು ವಾಚಕರಲ್ಲಿ ವಿಜ್ಞಾಪನೆ. ಮೊದಲು ಮೇಲಿನ ಬೆಳಕನ್ನು ಬಿಟ್ಟು ಚಿತ್ರದ ಕೆಳಭಾಗದಿಂದ ಆರಂಭಿಸಿರಿ. ಹಾಸುಗಲ್ಲುಗಳ ಮೇಲೆ, ಕಾಲುವೆಯ ಪಕ್ಕದಲ್ಲಿ, ಮುಖವಿಲ್ಲದ ಒಂದೆರಡು ಬಿಳಿಯ ಮಸುಕುಗಳು ಕಂಡಾವು. ಅವು ಫಲಕದ ದೋಷಗಳಲ್ಲ. ಯಂತ್ರದವನು ನಿಲ್ಲೆಂದಾಗ ನಿಲ್ಲಲಾರದೆ ಹೋದ ಮಕ್ಕಳು.